ಫಕರಾವಾದ ದಕ್ಷಿಣ ಕಂಡಿ: ಯಾವಾಗ ಹಾಯಬೇಕು, ಎಲ್ಲಿ ಲಂಗರು ಹಾಕಬೇಕು?

ಪ್ರಶ್ನೆ: ಫ್ರೆಂಚ್ ಪಾಲಿನೇಷ್ಯಾದ ಫಕರಾವಾ ಹವಳದ್ವೀಪಕ್ಕೆ ಸ್ವಂತ ಹಾಯಿದೋಣಿಯಲ್ಲಿ ಹೋಗಲಿದ್ದೇವೆ. ದಕ್ಷಿಣದ ತುಮಾಕೊಹುವಾ ಕಂಡಿಯ (ಹವಳದಿಬ್ಬದ ನಡುವೆ ಸಮುದ್ರದಿಂದ ಒಳಬರುವ ದಾರಿ) ಮೂಲಕ ಒಳಹೊಕ್ಕು ಟೆಟಮಾನು ಹಳ್ಳಿಯ ಬಳಿ ತಂಗುವ ಆಸೆಯಿದೆ. ಉಬ್ಬರವಿಳಿತದ ವೇಳಾಪಟ್ಟಿಯೊಂದನ್ನೇ ನಂಬಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಪಟ್ಟಿಯೊಂದೇ ಸಾಲದು. ದಕ್ಷಿಣ ಸಾಗರದ ದೊಡ್ಡ ಅಲೆಗಳು ಹವಳದಿಬ್ಬವನ್ನು ದಾಟಿ ಲಗೂನ್‌ಗೆ (ದಿಬ್ಬ ಸುತ್ತುವರಿದ ಒಳಗಿನ ಕೊಳಕ್ಕೆ) ನೀರು ತುಂಬುತ್ತಲೇ ಇರುವಾಗ, ಆ ನೀರು ಬಹುಪಾಲು ಕಂಡಿಗಳಿಂದಲೇ ಹೊರಬೀಳಬೇಕಾಗಿ, ಪಟ್ಟಿಯ ಪ್ರಕಾರ ಉಬ್ಬರವಿರುವ ಹೊತ್ತಿನಲ್ಲೂ ಸೆಳೆತ ಹೊರಮುಖವಾಗಿಯೇ ಇರಬಹುದು. ಹೊರಹರಿವಿಗೆ ಎದುರುಗಾಳಿ ಸೇರಿದರೆ ಕಂಡಿಯ ಬಾಯಲ್ಲಿ ಕಡಿದಾದ ಅಲೆಗಳು ಏಳುತ್ತವೆ. ಆದ್ದರಿಂದ ಹೊರಗೇ ಕಾದು, ನೀರು ಶಾಂತವಾದುದನ್ನು ಕಣ್ಣಾರೆ ಕಂಡ ಮೇಲೆಯೇ, ಹವಳದಿಬ್ಬಗಳು ನಿಚ್ಚಳವಾಗಿ ಕಾಣುವಂತೆ ಸೂರ್ಯ ಎತ್ತರದಲ್ಲಿರುವಾಗ ಒಳಬನ್ನಿ.

ಉತ್ತರ 2: ಫಕರಾವಾ ಯುನೆಸ್ಕೊದ ಜೀವಗೋಳ ಮೀಸಲು ಪ್ರದೇಶ, ಹವಳದ ಮೇಲೆ ಸರಪಳಿ ಎಳೆಯದಿರಿ ಎಂಬುದು ನನ್ನ ಕಳಕಳಿಯ ವಿನಂತಿ. ಮರಳಿರುವಲ್ಲಿ ಲಂಗರು ಬಿಟ್ಟು, ಸರಪಳಿಗೆ ಅಲ್ಲಲ್ಲಿ ತೇಲುಬುರುಡೆ ಕಟ್ಟಿದರೆ ಅದು ತಳ ಮುಟ್ಟದೆ ನಿಲ್ಲುತ್ತದೆ. ಆಗ್ನೇಯ ಗಾಳಿ ಬಲವಾದರೆ ಲಗೂನ್‌ನ ಆಗ್ನೇಯ ಮೂಲೆಯ ಹಿರಿಫಾಕ್ಕೆ ಸರಿಯುವುದು ಒಳ್ಳೆಯದು.

ಉತ್ತರ 3: ಗಾಳಿ ಉತ್ತರದಿಂದ ಬೀಸತೊಡಗಿದರೆ ಮಾತ್ರ ದಕ್ಷಿಣ ತುದಿಯಲ್ಲಿ ನಿಲ್ಲಬೇಡಿ, ಸುಮಾರು 60 ಕಿಲೋಮೀಟರ್ ಉದ್ದದ ಲಗೂನ್‌ನುದ್ದಕ್ಕೂ ಬೆಳೆದ ಅಲೆಗಳು ನಿಮ್ಮನ್ನು ದಡದತ್ತಲೇ ತಳ್ಳುತ್ತವೆ. ಕಂಡಿಯಲ್ಲಿ ಶಾರ್ಕ್ ನೋಡಲು ಇಳಿದ ಮುಳುಗುಗಾರರಿರುತ್ತಾರೆ, ದೋಣಿಯ ಮುಂಭಾಗದಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ.