ಆಲಿಕಲ್ಲು ಮಳೆ ಹೊಡೆದ ಹಿತ್ತಲು: ಗಿಡ ಕೀಳೋಕೆ ಮುಂಚೆ ಇದನ್ನ ಕೇಳಿ

ಅತ್ತಿಗೆ, ನಿನ್ನೆ ಸಂಜೆ ಭರಣಿ ಮಳೆಗೆ ಹಿತ್ತಲು ಹೀಗಾಯ್ತು ಅಂತ ನೀವು ಗ್ರೂಪಿಗೆ ಹಾಕಿದ ಫೋಟೋ ಎಲ್ಲಾ ನೋಡಿದೆ. ಹೀರೆ ಚಪ್ಪರ ಮಗುಚಿದೆ, ಟೊಮೇಟೊ ಸಾಲಾಗಿ ಮಲಗಿದೆ, ಬದನೆ ಎಲೆ ಆಲಿಕಲ್ಲಿಗೆ ಜಾಲರಿ ಆಗಿದೆ. ಅಣ್ಣ ಎಲ್ಲಾ ಕಿತ್ತು ಹೊಸದಾಗಿ ಹಾಕೋಣ ಅಂತಿದ್ದಾನೆ ಅಂತ ಬರೆದಿದ್ದೀರಲ್ಲ, ಒಂದು ವಾರ ತಡಿ ಅನ್ನಿ ಅವನಿಗೆ. ಬೇರು ಗಟ್ಟಿ ಇದ್ದರೆ ಎಲೆ ಹರಿದ ಗಿಡ ಸಾಯಲ್ಲ. ಟೈಪ್ ಮಾಡಿದರೆ ಮುಗಿಯಲ್ಲ, ಅದಕ್ಕೇ ವಾಯ್ಸ್.

ಇವತ್ತಿನ ಮೊದಲ ಕೆಲಸ, ನೀರು ಹೊರಗೆ ಬಿಡೋದು. ಪಾತಿ ಒಳಗೆ ಕಾಲಿಡಬೇಡಿ, ಒದ್ದೆ ಮಣ್ಣು ತುಳಿದರೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗಲ್ಲ. ಅಂಚಲ್ಲೇ ನಿಂತು ಗುದ್ದಲಿಯಿಂದ ಒಂದು ಗೇಣು ಆಳ ಕಾಲುವೆ ತೆಗೆದು ಇಳಿಜಾರಿನ ಕಡೆ ಬಿಟ್ಟುಬಿಡಿ. ಒಂದೆರಡು ದಿನ ನೀರು ನಿಂತರೆ ಮೆಣಸಿನಕಾಯಿ, ಟೊಮೇಟೊ ಗಿಡದ ಬೇರು ಉಸಿರುಕಟ್ಟುತ್ತೆ, ಗಿಡ ಬಾಡುತ್ತೆ. ಬಾಡಿದೆ ಅಂತ ಮೇಲೆ ಎರಡು ಕೊಡ ನೀರು ಸುರಿಯೋದು ಇದೆಯಲ್ಲ, ಗಿಡ ಸಾಯೋದು ಆಗ. ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ, ಬೆರಳಲ್ಲಿ ಒತ್ತಿದಾಗ ಪುಡಿಯಾಯ್ತು ಅಂದ್ರೆ ಒಳಗೆ ಹೋಗಬಹುದು.

ಟೊಮೇಟೊನ ಒಂದೇ ಸಲಕ್ಕೆ ನೆಟ್ಟಗೆ ಎತ್ತಬೇಡಿ, ಉಳಿದ ಬೇರೂ ಕಿತ್ತು ಬರುತ್ತೆ. ಓರೆಯಾಗಿ ಅರ್ಧ ಎತ್ತಿ, ಬುಡದ ಕಡೆಯ ಕಾಂಡ ನೆಲಕ್ಕೆ ತಾಗಿಕೊಂಡೇ ಇರಲಿ, ಅದರ ಮೇಲೆ ನಾಲ್ಕು ಬೆರಳು ಮಣ್ಣು ಏರಿಸಿ. ಟೊಮೇಟೊ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತೆ. ಆಸರೆಗೆ ಅಡಿಕೆ ದಬ್ಬೆ ಸಾಕು, ಬುಡದಿಂದ ಒಂದು ಗೇಣು ದೂರ ನೆಡಿ. ಕಟ್ಟೋಕೆ ಹಳೇ ಪಂಚೆ ಹರಿದ ಪಟ್ಟಿ, ಎಂಟರ ಆಕಾರದಲ್ಲಿ ಸಡಿಲವಾಗಿ. ನೈಲಾನ್ ದಾರ ಬೇಡ, ಗಾಳಿಗೆ ಕಾಂಡ ಕುಯ್ಯುತ್ತೆ. ನೇರ ಹೇಳಬೇಕು ಅಂದ್ರೆ ಟೊಮೇಟೊ ಮೇಲೆ ಜಾಸ್ತಿ ಕಷ್ಟ ಹಾಕಬೇಡಿ. ಮಲೆನಾಡಿನ ಜೂನ್ ಮಳೆ ಹಿಡಿದ ಮೇಲೆ ಅಂಗಮಾರಿ ರೋಗ ಬಂದು ಹೇಗೂ ಹೋಗುತ್ತೆ. ಬಲಿತ ಕಾಯಿ ಕಿತ್ತು ಬುಟ್ಟೀಲಿ ಇಡಿ, ಒಳಗೇ ಹಣ್ಣಾಗುತ್ತೆ. ಆಲಿಕಲ್ಲು ಬಿದ್ದು ಒಡೆದ ಕಾಯಿ ಇವತ್ತೇ ಸಾರಿಗೆ ಹಾಕಿ, ಇಟ್ಟರೆ ಕೊಳೆಯುತ್ತೆ.

ಬದನೆ ಕತೆ ಬೇರೆ. ಕೊಂಬೆ ಮುರಿದಿದ್ದರೆ ನೆಲದಿಂದ ಒಂದು ಅಡಿ ಬಿಟ್ಟು, ಚಿಗುರೊಡೆಯೋ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಬುಡದಿಂದ ಚಿಗುರಿ ಸುಮಾರು ಎರಡು ತಿಂಗಳಲ್ಲಿ ಮತ್ತೆ ಕಾಯಿ ಬಿಡುತ್ತೆ. ಮುರಿಯದೆ ಬರೀ ಎಲೆ ತೂತಾಗಿದ್ದರೆ ಮುಟ್ಟಲೇಬೇಡಿ. ಅರ್ಧ ಎಲೆಯೂ ಗಿಡಕ್ಕೆ ಊಟ ಮಾಡಿ ಹಾಕ್ತಾ ಇರುತ್ತೆ. ಜೋತು ಬಿದ್ದಿದ್ದು, ಕೆಸರು ಮೆತ್ತಿ ಕೊಳೀತಿರೋದು ಮಾತ್ರ ತೆಗೀರಿ. ಮೆಣಸಿನಕಾಯಿ ಗಿಡಕ್ಕೂ ಇದೇ ಲೆಕ್ಕ.

ಹೀರೆ ಚಪ್ಪರದಲ್ಲಿ ತಪ್ಪಾಗೋದು ಜಾಸ್ತಿ. ಬಳ್ಳಿ ಬಿಡಿಸಿ ಆಮೇಲೆ ಚಪ್ಪರ ಎತ್ತೋಣ ಅಂತ ಹೋದರೆ ಬಳ್ಳಿಯೆಲ್ಲ ಪಟಪಟ ಮುರಿಯುತ್ತೆ. ಬಳ್ಳಿ ಸಮೇತ ಇಬ್ಬರು ಮೂವರು ಸೇರಿ ಎತ್ತಿ, ಕೆಳಗೆ ಹೊಸ ಗೂಟ ಕೊಡಿ. ಗೂಟ ಎರಡಡಿ ಆಳ ಹೋಗಬೇಕು, ನಾಲ್ಕು ಮೂಲೆಗೂ ಹೊರಕ್ಕೆ ಓರೆಯಾಗಿ ಒಂದೊಂದು ತಂತಿ ಎಳೆದು ಗುಟ್ಟಕ್ಕೆ ಕಟ್ಟಿ. ನಿಮ್ಮ ಫೋಟೋದಲ್ಲಿ ಮುಗುಚಿದ ಗೂಟದ ಮಣ್ಣಿನ ಗುರುತು ಒಂದು ಗೇಣೂ ಇಲ್ಲ, ಗಾಳಿಯ ತಪ್ಪಲ್ಲ ಅದು! ಬಸಳೆ ತುಂಡಾಗಿದ್ದಕ್ಕೆ ಬೇಜಾರು ಬೇಡ, ಮೂರು ಗಿಣ್ಣು ಇರೋ ಹಾಗೆ ಕತ್ತರಿಸಿ ಎರಡು ಗಿಣ್ಣು ಮಣ್ಣಲ್ಲಿ ಹೂತರೆ ಅದೇ ಹೊಸ ಗಿಡ. ಕೊತ್ತಂಬರಿ ಮಲಗಿದ್ದು ಏಳಲ್ಲ, ಕಿತ್ತು ಇವತ್ತೇ ಚಟ್ನಿ ಮಾಡಿ. ಆದರೆ ಚರಂಡಿ ನೀರು ಪಾತಿಗೆ ನುಗ್ಗಿದ್ದರೆ ಯಾವ ಸೊಪ್ಪನ್ನೂ ತಿನ್ನಬೇಡಿ, ತೊಳೆದರೂ ಬೇಡ.

ಈಗ ಔಷಧಿ. ಗಾಯ ಆದ ಕಡೆಯಿಂದಲೇ ರೋಗ ಹೊಗುತ್ತೆ, ಹಾಗಾಗಿ ಎಲೆ ಮೇಲಿನ ನೀರು ಆರಿದ ದಿನ ಒಂದು ಸಲ ಹೊಡೀರಿ. ಅಡಿಕೆ ಕೊಳೆ ರೋಗಕ್ಕೆ ತಂದ ಮೈಲುತುತ್ತ (ಕಾಪರ್ ಸಲ್ಫೇಟ್) ಮನೇಲಿ ಇದ್ದೇ ಇರುತ್ತೆ. ಅಡಿಕೆಗೆ ಮಾಡೋದು ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ. ಹರಿದ ತರಕಾರಿ ಎಲೆಗೆ ಅದು ಜೋರಾಗುತ್ತೆ, ಐವತ್ತೈವತ್ತು ಗ್ರಾಂ ಸಾಕು. ಐದು ಲೀಟರಲ್ಲಿ ಸುಣ್ಣ, ಐದು ಲೀಟರಲ್ಲಿ ತುತ್ತ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಿ. ಉಲ್ಟಾ ಮಾಡಬೇಡಿ, ಗರಣೆ ಕಟ್ಟುತ್ತೆ. ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆ ಅಂತ, ಇನ್ನಷ್ಟು ಹಾಕಿ. ಅವತ್ತೇ ಖಾಲಿ ಮಾಡಿ. ಕೀಳೋ ಕಾಯಿ ಎಲ್ಲಾ ಮೊದಲೇ ಕಿತ್ತಿಟ್ಟುಕೊಳ್ಳಿ. ಹೀರೆ, ಸೌತೆಗೆ ಬೇಡ, ಎಲೆ ಸುಡುತ್ತೆ.

ಗೊಬ್ಬರ ಈಗ ಹಾಕಲೇಬೇಡಿ, ಯೂರಿಯಾ ಅಂತೂ ಮುಟ್ಟಬೇಡಿ. ಹಾಳಾದ ಬೇರಿಗೆ ಅದು ಇನ್ನೂ ಉರಿ. ಏಳೆಂಟು ದಿನಕ್ಕೆ ಹೊಸ ಚಿಗುರು ಕಂಡ ಮೇಲೆ ಹತ್ತೊಂಬತ್ತು ಆಲ್ (19:19:19 ಅಂತ ಸಿಗೋ, ನೀರಲ್ಲಿ ಕರಗೋ ಗೊಬ್ಬರ) ಲೀಟರಿಗೆ ಐದು ಗ್ರಾಂ ಕರಗಿಸಿ ಸಂಜೆ ಎಲೆಗೆ ಹೊಡೀರಿ, ಬುಡಕ್ಕೆ ಎರಡು ಹಿಡಿ ಸಗಣಿ ಗೊಬ್ಬರ. ಅಷ್ಟರಲ್ಲಿ ಮೇಲ್ಮಣ್ಣು ಹೆಪ್ಪುಗಟ್ಟಿರುತ್ತೆ, ಬೇರು ತಾಗದ ಹಾಗೆ ಕಳೆ ತೆಗೆಯೋ ಕುರ್ಚಿಗೆಯಿಂದ ಒಂದು ಇಂಚು ಕೆದಕಿ.

ಗಿಡ ಹೋದ ಜಾಗಕ್ಕೆ ಬೆಂಡೆ, ಸೌತೆ ಊರಿ. ಬೆಂಡೆ 45–50 ದಿನಕ್ಕೆ ಬರುತ್ತೆ. ಅರ್ಧ ಅಡಿ ಏರು ಮಡಿ ಮಾಡಿ ಅದರ ಮೇಲೇ ಊರಬೇಕು, ಚಪ್ಪಟೆ ನೆಲದಲ್ಲಿ ಬೀಜ ಕೊಳೆಯುತ್ತೆ. ಮೃಗಶಿರ ಮಳೆ ಹಿಡಿಯೋದರೊಳಗೆ ನಾಲ್ಕೈದು ಎಲೆ ಬಂದಿರಬೇಕು, ಅಂದ್ರೆ ಮೇ 15ರ ಒಳಗೆ ಬೀಜ ಬೀಳಲಿ.

ಬದನೆ ಬುಡದ್ದು ಹತ್ತಿರದಿಂದ ಒಂದು ಫೋಟೋ ಹಾಕಿ ಅತ್ತಿಗೆ, ಸಿಪ್ಪೆ ಸುತ್ತಲೂ ಸುಲಿದಿದೆಯಾ ಒಂದೇ ಕಡೆಯಾ ನೋಡಿ ಎಲ್ಲಿ ಕತ್ತರಿಸಬೇಕು ಹೇಳ್ತೀನಿ.