ನೀತಿಗೆ ಹಸಿದವರೋ, ನ್ಯಾಯಕ್ಕೆ ಹಸಿದವರೋ?

ಎಲ್ಲರಿಗೂ ನಮಸ್ಕಾರ.

ಸಾಮಾಜಿಕ ನ್ಯಾಯಕ್ಕಾಗಿ ದುಡಿದ ಕ್ರೈಸ್ತರ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಎರಡನೇ ಪುಟದಲ್ಲೇ ನಿಂತುಬಿಟ್ಟಿದ್ದೇನೆ. ತೊಡಕು ಒಂದೇ ಪದದ್ದು.

ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸು ಹೇಳುವ ಮಾತು ಹಳೆಯ ಕನ್ನಡ ಬೈಬಲಿನಲ್ಲಿ ಹೀಗಿದೆ: 'ನೀತಿಗೆ ಹಸಿದು ಬಾಯಾರಿದವರು ಧನ್ಯರು.' ಚಿಕ್ಕಂದಿನಿಂದ ಕೇಳಿದ ಸಾಲು. ಆಗ ನನಗೆ ಅರ್ಥವಾಗಿದ್ದು ಇಷ್ಟೇ: ಸುಳ್ಳು ಹೇಳಬಾರದು, ಕದಿಯಬಾರದು, ನಡತೆ ಚೆನ್ನಾಗಿರಬೇಕು. ನೀತಿಕಥೆ, ನೀತಿಪಾಠ, ನೀತಿವಂತ ಅಂದಾಗಲೂ ಬರುವುದು ಅದೇ ಅರ್ಥ ಅಲ್ವಾ? ಒಬ್ಬೊಬ್ಬರ ಸ್ವಂತ ನಡತೆಯ ವಿಷಯ.

ಮೂಲ ಗ್ರೀಕಿನಲ್ಲಿರುವ ಪದ ದಿಕಾಯೊಸುನೆ. ಪ್ಲೇಟೊ ತನ್ನ 'ರಿಪಬ್ಲಿಕ್'ನಲ್ಲಿ ಉದ್ದಕ್ಕೂ ಚರ್ಚಿಸುವುದು ಇದೇ ಪದವನ್ನು. ಅಲ್ಲಿ ಅದನ್ನು ನಾವು ನ್ಯಾಯ ಅನ್ನುತ್ತೇವೆ. ಬೈಬಲಿಗೆ ಬಂದರೆ ಅದೇ ಪದ ನೀತಿ ಆಗಿಬಿಡುತ್ತದೆ. ಇಂಗ್ಲಿಷಿನಲ್ಲೂ ಹೀಗೇ ಎರಡು ಬೇರೆ ಪದ. ಸ್ಪ್ಯಾನಿಷ್ ಬೈಬಲಿನಲ್ಲಿ ಮಾತ್ರ ಹಾಗಲ್ಲ. ಅಲ್ಲಿರುವುದು ಹುಸ್ತೀಸಿಯಾ. ಕೋರ್ಟಿನಲ್ಲಿ, ಮೆರವಣಿಗೆಯಲ್ಲಿ ಜನ ಕೇಳುವ ನ್ಯಾಯವೇ ಅದು.

ಇದು ಸಣ್ಣ ವ್ಯತ್ಯಾಸ ಅಲ್ಲ. ಎಲ್ ಸಾಲ್ವಡಾರ್ ದೇಶದ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ 1980ರ ಮಾರ್ಚ್ 23ರ ಪ್ರಬೋಧನೆಯಲ್ಲಿ, ಜನರ ಮೇಲಿನ ದಮನ ನಿಲ್ಲಿಸಿ ಎಂದು ಸೈನಿಕರಿಗೆ ನೇರವಾಗಿ ಹೇಳಿದರು. ಮರುದಿನ ಬಲಿಪೂಜೆ (ಕ್ಯಾಥೊಲಿಕರ ಮಾಸ್ ಆರಾಧನೆ) ನಡೆಸುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. ಅವರ ಮಾತು ಕೇಳುತ್ತಿದ್ದ ಬಡವರಿಗೆ ಯೇಸುವಿನ ಈ ಸಾಲಿನಲ್ಲಿ ಕೇಳಿಸುತ್ತಿದ್ದದ್ದು ನ್ಯಾಯದ ಹಸಿವು. ಅದನ್ನು ನಾನು 'ನೀತಿಯ ಹಸಿವು' ಅಂತ ಕನ್ನಡಕ್ಕೆ ತಂದರೆ, ಆ ಮನುಷ್ಯನನ್ನು ಯಾಕೆ ಕೊಂದರು ಅನ್ನುವುದೇ ಓದುವವರಿಗೆ ತಿಳಿಯುವುದಿಲ್ಲ.

ಹಾಗಂತ ಸುಮ್ನೆ 'ನ್ಯಾಯ' ಅಂತ ಬರೆದುಬಿಡೋಣ ಅಂದರೆ ಅದಕ್ಕೂ ಮನಸ್ಸು ಒಪ್ಪುತ್ತಿಲ್ಲ. ವಾಲ್ಟರ್ ರೌಶೆನ್‌ಬುಶ್ ನ್ಯೂಯಾರ್ಕಿನ ಬಡ ಕೇರಿಯೊಂದರಲ್ಲಿ 11 ವರ್ಷ ಪಾದ್ರಿಯಾಗಿದ್ದರು. ಎಷ್ಟೋ ಮಕ್ಕಳನ್ನು ಮಣ್ಣು ಮಾಡಿದರು. ಆ ನೋವಿನಿಂದಲೇ 1907ರಲ್ಲಿ ಸಮಾಜದ ಬಿಕ್ಕಟ್ಟಿನ ಬಗ್ಗೆ ಪುಸ್ತಕ ಬರೆದರು. ಒಬ್ಬೊಬ್ಬರ ಮನಸ್ಸು ತಿರುಗಬೇಕು ಅನ್ನುವುದನ್ನು ಅವರು ಕೈಬಿಡಲಿಲ್ಲ, ಸಮಾಜವೂ ತಿರುಗಬೇಕು ಎಂದರು. ಬರೀ 'ನ್ಯಾಯ' ಅಂದರೆ ಮೊದಲಿನದು ಬಿಟ್ಟುಹೋಗುತ್ತದೆ. ಜೊತೆಗೆ ಕೋರ್ಟು, ತೀರ್ಪಿನ ವಾಸನೆಯೂ ಜಾಸ್ತಿ.

ಹೀಬ್ರೂ ಪ್ರವಾದಿಗಳು ಎರಡನ್ನೂ ಜೊತೆಯಾಗಿಯೇ ಹೇಳುತ್ತಾರೆ: ಮಿಷ್ಪಾಟ್ ಅಂದರೆ ನ್ಯಾಯ, ತ್ಸೆದಾಕಾ ಅಂದರೆ ನೀತಿ. ಆಮೋಸನ ಗ್ರಂಥದಲ್ಲಿ ಒಂದು ನೀರಿನಂತೆ, ಇನ್ನೊಂದು ಬತ್ತದ ತೊರೆಯಂತೆ ಹರಿಯಬೇಕು. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಎತ್ತಿ ಹೇಳಿದ್ದು ಈ ಸಾಲನ್ನೇ. (ತ್ಸೆದಾಕಾ ಅನ್ನುವ ಪದ ಮುಂದೆ ದಾನ ಅನ್ನುವ ಅರ್ಥಕ್ಕೂ ಬಂತು. ನಮ್ಮ 'ಧರ್ಮ ಮಾಡಿ ತಾಯಿ'ಯಲ್ಲಿ ಧರ್ಮಕ್ಕೆ ಆದದ್ದೂ ಇದೇ. ನನಗಂತೂ ಬಹಳ ಖುಷಿ ಕೊಟ್ಟ ಹೋಲಿಕೆ.)

ಈ ಜೋಡಿ ನಮ್ಮ ಮಾತಿನಲ್ಲೂ ಇದೆಯಲ್ಲ ಅಂತ ಹೊಳೆದದ್ದು ಆಮೇಲೆ. 'ನಿಂಗೆ ನ್ಯಾಯ ನೀತಿ ಅನ್ನೋದು ಇದೆಯೇನೋ?' ಅಂತ ಬೈಯುತ್ತೇವೆ. ಮೋಸ ಹೋದವರು ಕೇಳುವ ಪ್ರಶ್ನೆ ಅದು. ಅದರಲ್ಲಿ ನಡತೆಯೂ ಇದೆ, ಕಸಿದುಕೊಂಡದ್ದರ ಲೆಕ್ಕವೂ ಇದೆ. ಹಾಗಾಗಿ ನಾನು 'ನ್ಯಾಯನೀತಿಗೆ ಹಸಿದು ಬಾಯಾರಿದವರು' ಅಂತ ಬರೆಯುವತ್ತ ವಾಲಿದ್ದೇನೆ. ಆದರೆ ಬೈಗುಳದಲ್ಲಿರುವ ಬಿಸಿ ಬರಹದಲ್ಲಿ ಉಳಿಯುತ್ತದಾ, ಅಥವಾ ಭಾಷಣದ ಪದದಂತೆ ಕೇಳುತ್ತದಾ? ಓದಿ ನೋಡಿ ಹೇಳಿ.

ಇನ್ನೊಂದು ಸಹಾಯ. ಯೆಶಾಯನ ಐದನೇ ಅಧ್ಯಾಯದ ಏಳನೇ ವಚನದಲ್ಲಿ ಇದೇ ಜೋಡಿಯ ಮೇಲೆ ಪದದಾಟವಿದೆ. ದೇವರು ಮಿಷ್ಪಾಟ್ ಎದುರುನೋಡಿದ, ಕಂಡದ್ದು ಮಿಸ್ಪಾಖ್, ಅಂದರೆ ರಕ್ತಪಾತ. ತ್ಸೆದಾಕಾ ಎದುರುನೋಡಿದ, ಕೇಳಿಸಿದ್ದು ತ್ಸೆಆಕಾ, ಅಂದರೆ ನೊಂದವರ ಕೂಗು. ಒಂದೆರಡು ಅಕ್ಷರ ಬದಲಾದರೆ ಸಾಕು, ಎಲ್ಲ ತಲೆಕೆಳಗು. ಅದನ್ನು ನಾನು ಹೀಗೆ ಮಾಡಿದ್ದೇನೆ: 'ನ್ಯಾಯ ಎದುರುನೋಡಿದ, ಕಂಡದ್ದು ಗಾಯ, ನೀತಿ ಎದುರುನೋಡಿದ, ಕೇಳಿಸಿದ್ದು ಭೀತಿ.' ಮೊದಲ ಅರ್ಧ ಕೂತಿದೆ ಅನಿಸುತ್ತದೆ. ಎರಡನೆಯದು ಇಲ್ಲ. ಭೀತಿ ಅಂದರೆ ಹೆದರಿಕೆ, ಕೂಗಲ್ಲ. ನೀತಿಗೆ ಪ್ರಾಸವಾಗಿ, ಗೋಳು, ಮೊರೆ ಅನ್ನುವ ಅರ್ಥ ಕೊಡುವ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹಳಗನ್ನಡದ್ದಾದರೂ ಪರವಾಗಿಲ್ಲ.