ಟೆಸ್ಟ್ ಸಿಸ್ಟಂಗೆ ಪ್ರೊಡಕ್ಷನ್ ಡಿಸ್ಕ್ ಆನ್‌ಲೈನ್ ಇರಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿ ಝಡ್‌ಓಎಸ್ (ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ) ಸ್ಟೋರೇಜ್ ನೋಡಿಕೊಳ್ಳುತ್ತೇನೆ. ಪ್ರೊಡಕ್ಷನ್‌ನ ಎರಡು ಎಲ್‌ಪಾರ್ (ಮೇನ್‌ಫ್ರೇಮ್‌ನಲ್ಲಿ ಪ್ರತ್ಯೇಕ ಸಿಸ್ಟಂನಂತೆ ಓಡುವ ಭಾಗ) ಒಂದೇ ಸಿಸ್‌ಪ್ಲೆಕ್ಸ್‌ನಲ್ಲಿವೆ (ಒಟ್ಟಾಗಿ ಕೆಲಸ ಮಾಡುವ ಸಿಸ್ಟಂಗಳ ಗುಂಪು). ಟೆಸ್ಟ್ ಎಲ್‌ಪಾರ್ ಅದರ ಹೊರಗಿದೆ, ಆದರೆ ಯಾವ ಕಾಲದಿಂದಲೋ ಪ್ರೊಡಕ್ಷನ್‌ನ 6 ವಾಲ್ಯೂಮ್ (ಡಿಸ್ಕ್) ಅಲ್ಲೂ ಆನ್‌ಲೈನ್ ಇವೆ. ಶನಿವಾರ ರಾತ್ರಿ ಟೆಸ್ಟ್‌ನಲ್ಲಿ ಯಾರೋ ಡಿಫ್ರಾಗ್ (ಡಿಸ್ಕ್‌ನ ಚದುರಿದ ಖಾಲಿ ಜಾಗ ಒಟ್ಟುಗೂಡಿಸುವ ಕೆಲಸ) ಓಡಿಸಿದರು, ಇತ್ತ ನಮ್ಮ ಬ್ಯಾಚ್ ಜಾಬ್‌ಗಳು ನಿಂತಲ್ಲೇ ನಿಂತವು, ಕನ್ಸೋಲ್ ತುಂಬಾ ಐಓಎಸ್071ಐ, ಸ್ಟಾರ್ಟ್ ಪೆಂಡಿಂಗ್ (ಡಿಸ್ಕ್ ಕೆಲಸ ಶುರುವಾಗದೆ ಕಾಯುತ್ತಿದೆ ಅನ್ನುವ ಸಂದೇಶ). ಜಿಆರ್‌ಎಸ್ (ಸಿಸ್ಟಂಗಳ ನಡುವಿನ ಲಾಕ್ ನೋಡಿಕೊಳ್ಳುವ ಭಾಗ) ಡಿಸ್‌ಪ್ಲೇ ಕೊಟ್ಟರೆ ಟೆಸ್ಟ್ ಹೆಸರೇ ಇಲ್ಲ. ಸಿಸ್‌ವಿಟಾಕ್ (ವಿಟಾಕ್, ಅಂದರೆ ವಾಲ್ಯೂಮ್‌ನ ವಿಷಯಸೂಚಿಗೆ ಹಾಕುವ ಲಾಕ್‌ನ ಹೆಸರು) ಅನ್ನು ಕನ್ವರ್ಷನ್ ಲಿಸ್ಟ್‌ಗೆ (ರಿಸರ್ವ್ ಬದಲು ಜಿಆರ್‌ಎಸ್ ಲಾಕ್ ಬಳಸಬೇಕಾದವುಗಳ ಪಟ್ಟಿ) ಹಾಕಿದರೆ ಸರಿಹೋಗುತ್ತೆ ಅಂತ ಟೀಮಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಹಾಕಬಹುದಾ?

ಉತ್ತರ 1:
ದಯವಿಟ್ಟು ಹಾಕಬೇಡಿ ಸರ್. ಟೆಸ್ಟ್‌ನ ಡಿಫ್ರಾಗ್ ಹಾಕಿದ್ದು ರಿಸರ್ವ್, ಅದು ಡಿಸ್ಕ್‌ಗೇ ಹಾಕುವ ಬೀಗ. ಬೇಕಾಗಿದ್ದು ವಿಟಾಕ್ ಮಾತ್ರ ಆದರೂ ಇಡೀ ವಾಲ್ಯೂಮ್ ಲಾಕ್ ಆಗುತ್ತೆ, ಅದಕ್ಕೇ ಸಂಬಂಧವಿಲ್ಲದ ಜಾಬ್‌ಗಳೂ ಕಾಯ್ದವು. ಕನ್ವರ್ಟ್ ಮಾಡಿದರೆ ಪ್ರೊಡಕ್ಷನ್ ಆ ಬೀಗ ಬಿಟ್ಟು ಜಿಆರ್‌ಎಸ್ ಮೂಲಕ ಎನ್‌ಕ್ಯೂ (ಸಾಫ್ಟ್‌ವೇರ್ ಲಾಕ್) ಮಾತ್ರ ಹಾಕುತ್ತೆ. ಅದು ಸಿಸ್‌ಪ್ಲೆಕ್ಸ್ ಒಳಗಿನವರಿಗೆ ಗೊತ್ತಾಗುತ್ತೆ, ಹೊರಗಿರುವ ಟೆಸ್ಟ್‌ಗೆ ಗೊತ್ತಾಗಲ್ಲ. ಆಗ ಎರಡೂ ಕಡೆಯಿಂದ ಒಂದೇ ವಿಟಾಕ್‌ಗೆ ಬರೆದು ಹಾಳಾಗಬಹುದು. ಇಷ್ಟೆಲ್ಲಾ ಮಾಡಿದರೂ ಟೆಸ್ಟ್ ಹಾಕುವ ರಿಸರ್ವ್ ಹಾಗೇ ಇರುತ್ತೆ, ಶನಿವಾರದ ತೊಂದರೆ ಮತ್ತೆ ಬಂದೇ ಬರುತ್ತೆ ಅಲ್ವಾ? ವಾಲ್ಯೂಮ್ ಹಂಚಿಕೊಳ್ಳುವ ಪ್ರತಿಯೊಂದು ಸಿಸ್ಟಂ ಒಂದೇ ಜಿಆರ್‌ಎಸ್‌ನಲ್ಲಿದ್ದರೆ ಮಾತ್ರ ಕನ್ವರ್ಷನ್.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆ 6 ವಾಲ್ಯೂಮ್‌ಗಳಲ್ಲಿ ಪಿಡಿಎಸ್‌ಇ (ಮೆಂಬರ್ ಅನ್ನುವ ಹಲವು ಫೈಲ್‌ಗಳನ್ನು ಒಳಗಿಟ್ಟುಕೊಳ್ಳುವ ಲೈಬ್ರರಿ) ಇದೆಯಾ ಅಂತ ಮೊದಲು ನೋಡಿ, ನನಗೆ ಜಾಸ್ತಿ ಭಯ ಅದರದ್ದೇ. ಪಿಡಿಎಸ್‌ಇ ಡೈರೆಕ್ಟರಿಯ ಮಾಹಿತಿ ಮೆಮೊರಿಯಲ್ಲೂ ಇರುತ್ತೆ. ಸಿಸ್‌ಪ್ಲೆಕ್ಸ್ ಹೊರಗಿಂದ ಯಾರಾದರೂ ಮೆಂಬರ್ ಸೇವ್ ಮಾಡಿದರೆ ರಿಸರ್ವ್ ಕೂಡ ಕಾಪಾಡಲ್ಲ. ನಮ್ಮಲ್ಲಿ ಹಾಗೇ ಒಂದು ಲೋಡ್ ಲೈಬ್ರರಿ (ಓಡಿಸುವ ಪ್ರೋಗ್ರಾಂಗಳಿರುವ ಲೈಬ್ರರಿ) ಹೋಯಿತು, ಬ್ಯಾಕಪ್‌ನಿಂದ ರಿಸ್ಟೋರ್ ಮಾಡುವಷ್ಟರಲ್ಲಿ ಬೆಳಗಾಗಿತ್ತು.

ಸಿಸ್‌ಪ್ಲೆಕ್ಸ್ ಒಳಗೂ ಎಲ್ಲವನ್ನೂ ಹಂಚಬೇಕಿಲ್ಲ. ಪೇಜ್ ಡೇಟಾಸೆಟ್ (ಮೆಮೊರಿಯಿಂದ ಹೊರಹಾಕಿದ್ದನ್ನು ಇಡುವ ಫೈಲ್) ಆಯಾ ಸಿಸ್ಟಂಗೆ ಮಾತ್ರ. ಕಪಲ್ ಡೇಟಾಸೆಟ್ (ಸಿಸ್‌ಪ್ಲೆಕ್ಸ್‌ನ ಸ್ಥಿತಿ ಬರೆದಿಡುವ ಫೈಲ್) ಮಾತ್ರ ಎಲ್ಲರಿಗೂ ಕಾಣಲೇಬೇಕು, ಪ್ರೈಮರಿ ಒಂದು ವಾಲ್ಯೂಮ್, ಆಲ್ಟರ್ನೇಟ್ ಇನ್ನೊಂದು, ಎರಡರಲ್ಲೂ ರಿಸರ್ವ್ ಬೀಳಬಾರದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಾಗಾದರೆ ಟೆಸ್ಟ್‌ಗೆ ಆ ವಾಲ್ಯೂಮ್‌ಗಳೇ ಬೇಡ ಅಂತ ಟೆಸ್ಟ್‌ನಲ್ಲಿ ವೇರಿ ಆಫ್‌ಲೈನ್ (ಡಿಸ್ಕ್ ಸಂಪರ್ಕ ಬಿಡಿಸುವ ಕಮಾಂಡ್) ಕೊಟ್ಟೆ. 5 ಹೋದವು, ಒಂದು ಮಾತ್ರ ಪೆಂಡಿಂಗ್‌ನಲ್ಲೇ ಇದೆ. ಅಲೋಕೇಷನ್ ನೋಡಿದರೆ ಕ್ಯಾಟಲಾಗ್ (ಯಾವ ಡೇಟಾಸೆಟ್ ಎಲ್ಲಿದೆ ಅಂತ ಹೇಳುವ ಪಟ್ಟಿ) ಅಡ್ರೆಸ್ ಸ್ಪೇಸ್ ಅಂತ ತೋರಿಸುತ್ತೆ.

ಉತ್ತರ 1:
ಆ ವಾಲ್ಯೂಮ್‌ನಲ್ಲಿ ಯೂಸರ್ ಕ್ಯಾಟಲಾಗ್ ಇದೆ ಅನಿಸುತ್ತೆ. ಟೆಸ್ಟ್ ಅದನ್ನು ತೆರೆದುಕೊಂಡೇ ಕೂತಿದೆ. ಮಾಡಿಫೈ ಕ್ಯಾಟಲಾಗ್ ಕಮಾಂಡ್‌ನಲ್ಲಿ ಅನ್‌ಅಲೋಕೇಟ್ ಕೊಡಿ, ಬಿಡುತ್ತೆ. ಅದಕ್ಕೂ ಮೊದಲು ಟೆಸ್ಟ್‌ನ ಮಾಸ್ಟರ್ ಕ್ಯಾಟಲಾಗ್‌ನಲ್ಲಿ ಯಾವ್ಯಾವ ಅಲಿಯಾಸ್ (ಯೂಸರ್ ಕ್ಯಾಟಲಾಗ್‌ಗೆ ದಾರಿ ತೋರಿಸುವ ಹೆಸರು) ಅಲ್ಲಿಗೆ ಹೋಗುತ್ತೆ ನೋಡಿ. ಸುಮ್ನೆ ತೆಗೆದರೆ ಬೆಳಗ್ಗೆ ಟೆಸ್ಟಿಂಗ್‌ನವರ ಜಾಬ್ ಬೀಳುತ್ತೆ. ವೇರಿ ಆಫ್‌ಲೈನ್ ಮುಂದಿನ ಐಪಿಎಲ್‌ವರೆಗೆ (ಸಿಸ್ಟಂ ಮರುಪ್ರಾರಂಭ) ಮಾತ್ರ, ಎಚ್‌ಸಿಡಿಯಲ್ಲಿ (ಯಾವ ಸಿಸ್ಟಂಗೆ ಯಾವ ಡಿವೈಸ್ ಅಂತ ನಿರ್ಧರಿಸುವ ಟೂಲ್) ಟೆಸ್ಟ್‌ಗೆ ಆ ಡಿವೈಸ್‌ಗಳ ಆಕ್ಸೆಸ್ಸೇ ತೆಗೆಸಿ.

ಪ್ರಶ್ನೆ ಕೇಳಿದವರು:
ಎರಡು ಅಲಿಯಾಸ್ ಸಿಕ್ಕವು. ಆ ಡೇಟಾಸೆಟ್‌ಗಳನ್ನು ಟೆಸ್ಟ್‌ನ ಸ್ವಂತ ವಾಲ್ಯೂಮ್‌ಗೆ ಕಾಪಿ ಮಾಡಿ ಅನ್‌ಅಲೋಕೇಟ್ ಕೊಟ್ಟೆ, ಆರನೆಯದೂ ಆಫ್‌ಲೈನ್ ಆಯಿತು. ಎಚ್‌ಸಿಡಿಗೆ ಚೇಂಜ್ ರಿಕ್ವೆಸ್ಟ್ ಹಾಕಿದ್ದೇನೆ.